ಹತ್ತಿ, ಯಂತ್ರ ಮತ್ತು ದುಡಿಮೆ: ಧಾರವಾಡ ಸೀಮೆಯ ಪಾಠ

ಶಾಲಾ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ತಲೆಮಾರುಗಳಿಂದ ಮಾಸದೆ ಉಳಿದಿರುವ ವಿಷಯವೊಂದಿದೆ: 'ವಿಜ್ಞಾನ ವರವೋ, ಶಾಪವೋ?' ಒಬ್ಬರು ವಿದ್ಯುತ್ತು, ರೈಲು, ಔಷಧಿಗಳನ್ನು ಹೊಗಳುತ್ತಾರೆ. ಇನ್ನೊಬ್ಬರು ಅಣುಬಾಂಬು, ನಿರುದ್ಯೋಗಗಳನ್ನು ಮುಂದಿಡುತ್ತಾರೆ. ಬಹುಮಾನ ಹಂಚಿಕೆಯಾಗುತ್ತದೆ, ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಈ ಪ್ರಶ್ನೆಯನ್ನು ಒಂದು ಸೀಮೆಯ, ಒಂದು ಬೆಳೆಯ ಚರಿತ್ರೆಯ ಮುಂದಿಟ್ಟು ನೋಡಿದರೆ ಹೇಗೆ? ಆಗ ಉತ್ತರ ಹೆಚ್ಚು ಸ್ಪಷ್ಟವಾಗಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿ ಮತ್ತು ಅಲ್ಲಿಯ ಹತ್ತಿ ಇದಕ್ಕೆ ತಕ್ಕ ಉದಾಹರಣೆ.

ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ ಕಲಘಟಗಿ ಇದೆ. ಅದು ಮಲೆನಾಡಿನ ಅಂಚು, ಭತ್ತದ ನಾಡು. ಪೂರ್ವಕ್ಕೆ ಸಾಗಿದಂತೆ ಮರಗಳು ವಿರಳವಾಗಿ ಕಪ್ಪು ಮಣ್ಣಿನ ಬಯಲು ತೆರೆದುಕೊಳ್ಳುತ್ತದೆ. ಈ ಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಹಿಂಗಾರಿಯಲ್ಲಿ ಬಿಳಿಜೋಳ, ಗೋದಿ, ಕಡಲೆ, ಕುಸುಬೆಗಳ ಜೊತೆಗೆ ಹತ್ತಿಯೂ ನೀರಾವರಿಯಿಲ್ಲದೆ ಬೆಳೆಯುತ್ತಿತ್ತು. ಈ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಮುಂಬಯಿಯ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರಾಯಿತು. ಬೆಳೆದ ಊರಿನ ಹೆಸರು ಮರೆಯಾಗಿ, ಸಾಗಿಸಿದ ಊರಿನ ಹೆಸರು ಉಳಿದದ್ದು ವ್ಯಾಪಾರದ ಒಂದು ಸೋಜಿಗ.

ಕಾಲಿನ ಸಲಾಕೆ ಮತ್ತು ಗರಗಸದ ಜಿನ್

ಗಿಡದಿಂದ ಬಿಡಿಸಿ ತಂದ ಹತ್ತಿಯಲ್ಲಿ ಕಾಳು ಇರುತ್ತದೆ. ಕಾಳು ತೆಗೆದ ಮೇಲೆಯೇ ಅದು ನೂಲುವ ಅರಳೆ. ಈ ಕೆಲಸವನ್ನು ಧಾರವಾಡ ಸೀಮೆಯಲ್ಲಿ ಹೆಂಗಸರು ಮಾಡುತ್ತಿದ್ದರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನು ಹರಡಿ, ಪುಟ್ಟ ಪೀಠದ ಮೇಲೆ ಕುಳಿತು, ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸುತ್ತಿದ್ದರು. ಕಾಳು ಒಂದು ಕಡೆಗೆ ಜಾರುತ್ತಿತ್ತು, ಅರಳೆ ಇನ್ನೊಂದು ಕಡೆಗೆ ಬರುತ್ತಿತ್ತು. ಕೆಲಸ ನಿಧಾನ, ಕಾಲಿಗೆ ನೋವು. ಆದರೆ ಎಳೆ ತುಂಡಾಗುತ್ತಿರಲಿಲ್ಲ, ಉಪಕರಣ ಮನೆಯಲ್ಲಿಯೇ ಇತ್ತು, ಹೊಲದ ಕೆಲಸವಿಲ್ಲದ ದಿನಗಳಲ್ಲಿ ನಾಲ್ಕು ಕಾಸು ಕೈಗೆ ಬರುತ್ತಿತ್ತು. ಕಾಳು ದನಗಳಿಗೆ ಮೇವಾಗುತ್ತಿತ್ತು.

ಈ ನಡುವೆ ಇಂಗ್ಲೆಂಡಿನ ಗಿರಣಿಗಳು ಅಮೆರಿಕದ ಉದ್ದ ಎಳೆಯ ಹತ್ತಿಗೆ ಒಗ್ಗಿಹೋಗಿದ್ದವು. ಒಂದೇ ದೇಶವನ್ನು ನೆಚ್ಚಿಕೊಳ್ಳುವುದು ಅಪಾಯವೆಂದು ತಿಳಿದು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ಕೆಲವು ತೋಟಗಾರರನ್ನು ಭಾರತಕ್ಕೆ ಕರೆಸಿತು. ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವೂ ನಡೆಯಿತು. ಆಗ ಧಾರವಾಡದ ಕಲೆಕ್ಟರ್ ಆಗಿದ್ದ ಶಾ ಎಂಬವರು ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರಿಗೆ ಹಂಚಿಸಿ ಉತ್ತೇಜನ ನೀಡಿದರು. ಸರ್ಕಾರಿ ತೋಟಗಳು ಬಹುಕಾಲ ಬಾಳಲಿಲ್ಲ. ಆದರೆ ಬೀಜ ರೈತರ ಹೊಲಗಳಲ್ಲಿ ನೆಲೆಯೂರಿತು. ಭಾರತದ ಅನೇಕ ಕಡೆ ಸೋತ ಈ ಪ್ರಯೋಗ ಗೆದ್ದ ಕೆಲವೇ ಸ್ಥಳಗಳಲ್ಲಿ ಧಾರವಾಡ ಮುಖ್ಯವಾದುದು.

ಇಲ್ಲಿ ಒಂದು ತೊಡಕು ಬಂತು. ಅಮೆರಿಕದ ಹತ್ತಿಯ ಕಾಳಿಗೆ ನವಿರು ಅಂಟಿಕೊಂಡಿರುತ್ತದೆ. ನಾಡಿನ ಹಳೆಯ ಸಾಧನಗಳಿಂದ ಅದನ್ನು ಬಿಡಿಸುವುದು ಕಷ್ಟ. ಆದ್ದರಿಂದ ಬೀಜದ ಬೆನ್ನಿಗೆ ಯಂತ್ರವೂ ಬರಬೇಕಾಯಿತು. ಅದು 1793ರಲ್ಲಿ ಎಲಿ ವಿಟ್ನಿ ರೂಪಿಸಿದ ಗರಗಸದ ಜಿನ್. ಹಲ್ಲುಗಳುಳ್ಳ ಚಕ್ರಗಳು ಸೀಳುಗಳ ನಡುವೆ ತಿರುಗಿ ಅರಳೆಯನ್ನು ಎಳೆದುಕೊಳ್ಳುತ್ತವೆ, ಕಾಳು ಹೊರಗುಳಿಯುತ್ತದೆ. ಈ ಜಿನ್‌ಗಳನ್ನು ತಯಾರಿಸಲು, ದುರಸ್ತಿ ಮಾಡಲು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆಯೇ ಸ್ಥಾಪನೆಯಾಯಿತು. 'ಗರಗಸದ ಜಿನ್ನಿನ ಧಾರವಾಡ' ಎಂಬುದು ಮುಂಬಯಿಯ ಹತ್ತಿ ಪೇಟೆಯಲ್ಲಿ ಒಂದು ದರ್ಜೆಯ ಹೆಸರಾಯಿತು. ಕುಮಟಾ ಹತ್ತಿಗೆ ಮಾತ್ರ ಹೆಂಗಸರ ಕಾಲಿನ ಸಲಾಕೆ ಇನ್ನೂ ಹಲವು ದಶಕ ಮುಂದುವರಿಯಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಹತ್ತಿ ಬರುವುದು ನಿಂತಿತು, ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆಯ ಜೊತೆಗೆ ಮೋಸವೂ ಬಂತು. ಬೇರೆ ಬೇರೆ ಹತ್ತಿಗಳನ್ನು ಬೆರೆಸುವುದು, ಕಾಳು ಕಸ ಸೇರಿಸಿ ತೂಕ ಹೆಚ್ಚಿಸುವುದು ಬೆಳೆಯಿತು. ಇದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯ್ದೆಯನ್ನು ತಂದಿತು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ಸಾವಿರಾರು ಮೈಲಿ ದೂರದ ಯುದ್ಧವೊಂದು ನವಲಗುಂದದ ರೈತನ ಮನೆಯ ಲೆಕ್ಕವನ್ನು ಏರಿಳಿಸಬಲ್ಲದು ಎಂಬುದನ್ನು ಈ ಸೀಮೆ ಮೊದಲ ಬಾರಿಗೆ ಕಂಡದ್ದು ಆಗಲೇ. ಸುಮಾರು ಹತ್ತು ವರ್ಷ ಕಳೆದ ಮೇಲೆ, 1876–78ರ ಭೀಕರ ಬರಗಾಲ ಬಂತು. ಹತ್ತಿಯನ್ನು ಉಣ್ಣಲು ಆಗುವುದಿಲ್ಲವೆಂಬ ಸರಳ ಸತ್ಯ ಆಗ ಎಲ್ಲರಿಗೂ ಮನವರಿಕೆಯಾಗಿರಬೇಕು.

ರೈಲು, ಉಗಿ ಮತ್ತು ಕಾಯ್ದೆ

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಈ ಬಯಲನ್ನು ಹಾಯ್ದು ಬಂತು. ಹುಬ್ಬಳ್ಳಿ-ಗದಗ ಮಾರ್ಗದ ಮೇಲಿರುವ ಅಣ್ಣಿಗೇರಿ, ಆದಿಕವಿ ಪಂಪನ ತಾಯಿಯ ತವರೂರೆಂದು ಸಾಹಿತ್ಯದಲ್ಲಿ ಪ್ರಸಿದ್ಧವಾದ ಊರು, ಹತ್ತಿಯ ವ್ಯಾಪಾರಕ್ಕೂ ಹೆಸರಾಯಿತು. ರೈಲಿನ ಹಿಂದೆಯೇ ಉಗಿಯಂತ್ರದ ಜಿನ್‌ಗಳೂ ಗಟ್ಟಿ ಒತ್ತುವ ಪ್ರೆಸ್ಸುಗಳೂ ಬಂದವು. ಹೊಲದಿಂದ ಅಂಡಗಿ ಹೇರಿದ ಚಕ್ಕಡಿಗಳು ಕುಮಟೆಯ ಘಟ್ಟದ ಬದಲು ನಿಲ್ದಾಣದ ದಾರಿ ಹಿಡಿದವು.

ಕೆಲಸ ಮನೆಯ ಪಡಸಾಲೆಯಿಂದ ಕಾರ್ಖಾನೆಗೆ ಹೋಯಿತು. ಹೆಂಗಸರೂ ಅದರ ಬೆನ್ನಿಗೆ ಹೋದರು. ಹತ್ತಿ ಆರಿಸುವುದು, ಯಂತ್ರಕ್ಕೆ ಹಾಕುವುದು ಜಿನ್‌ಗಳಲ್ಲಿ ಅವರ ಪಾಲಿನ ಕೆಲಸವಾಯಿತು. ಆದರೆ ದುಡಿಯುವ ಹೊತ್ತು ಈಗ ಅವರ ಕೈಯಲ್ಲಿರಲಿಲ್ಲ. ಇಲ್ಲಿ ಕಾಯ್ದೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂತು. ಅದು ನೂರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಗಳಿಗೆ ಅನ್ವಯಿಸುತ್ತಿರಲಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಕಡಿಮೆ ನಡೆಯುವ ಕಾರ್ಖಾನೆಗಳಿಗೂ ಅನ್ವಯಿಸುತ್ತಿರಲಿಲ್ಲ. ಹತ್ತಿಯ ಜಿನ್ ಹಂಗಾಮಿನ ಉದ್ಯೋಗ. ಹೀಗಾಗಿ ಇಂಥ ಅನೇಕ ಜಿನ್‌ಗಳು ಕಾಯ್ದೆಯ ಹೊರಗೇ ಉಳಿದವು. 1891ರ ತಿದ್ದುಪಡಿ ಐವತ್ತು ಜನರಿರುವ ಕಾರ್ಖಾನೆಗಳನ್ನೂ ಒಳಗೊಂಡು, ಹೆಂಗಸರ ದುಡಿಮೆಗೆ ದಿನಕ್ಕೆ 11 ಗಂಟೆಯ ಮಿತಿ ಹಾಕಿತು. ಆದರೂ ಹಂಗಾಮಿನ ಜಿನ್‌ಗಳಲ್ಲಿ ಮಿತಿ ಮೀರಿದ ದುಡಿಮೆ ನಡೆಯುತ್ತಿದ್ದ ಸಂಗತಿ 1908ರ ಕಾರ್ಖಾನೆ ಕಾರ್ಮಿಕ ಆಯೋಗದ ವರದಿಯಲ್ಲಿಯೂ ಬಂತು. ಯಂತ್ರ ಬೇಗ ಬಂತು, ಯಂತ್ರದ ಮುಂದೆ ಕುಳಿತವಳ ರಕ್ಷಣೆ ತಡವಾಗಿ ಬಂತು.

ತಂತ್ರದ ಬಗ್ಗೆಯೂ ಒಂದು ಮಾತು. ಗರಗಸದ ಜಿನ್ ವೇಗವಾದದ್ದು, ಆದರೆ ಎಳೆಯನ್ನು ಕತ್ತರಿಸುವ ದೋಷ ಅದಕ್ಕಿದೆ. ಭಾರತದ ಜಿನ್‌ಗಳಲ್ಲಿ ಕೊನೆಗೆ ಹೆಚ್ಚಾಗಿ ಉಳಿದದ್ದು ಉರುಳೆಯ ಜಿನ್. ಇಂದಿನ ಎರಡು ಉರುಳೆಗಳ ಯಂತ್ರ ವಿದ್ಯುತ್ತಿನಿಂದ ನಡೆಯುತ್ತದೆ, ಕಾಳನ್ನು ಬೇರ್ಪಡಿಸಲು ಅದರಲ್ಲಿ ಅಲಗುಗಳಿವೆ. ಆದರೂ ಉರುಳೆಯಿಂದ ಅರಳೆಯನ್ನು ನಯವಾಗಿ ಬಿಡಿಸುವ ತತ್ವಕ್ಕೆ ಆ ಕಾಲಿನ ಸಲಾಕೆಯೂ ನೆಂಟನೇ. ಹಳೆಯದೆಲ್ಲ ಹಿಂದುಳಿದದ್ದೆಂದು ಬಗೆಯುವವರು ಇದನ್ನು ನೆನಪಿಡಬೇಕು.

ಕಾಲುವೆಯ ನೀರು, ಹೊಸ ಬೀಜ

ಸ್ವಾತಂತ್ರ್ಯಾನಂತರ ನಮ್ಮದೇ ಸರ್ಕಾರ, ನಮ್ಮದೇ ವಿಜ್ಞಾನಿಗಳು ಇನ್ನೊಂದು ಬದಲಾವಣೆ ತಂದರು. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ನವಲಗುಂದ, ನರಗುಂದದ ಬಯಲಿಗೆ ಕಾಲುವೆಯ ನೀರು ಹರಿಸಲಾಯಿತು. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು 'ವರಲಕ್ಷ್ಮಿ' ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದರು. ಎರಡು ಬೇರೆ ಜಾತಿಗಳ ಹತ್ತಿಯನ್ನು ಕೂಡಿಸಿ ಬೇಸಾಯಕ್ಕೆ ತಂದ ಹೈಬ್ರಿಡ್‌ಗಳಲ್ಲಿ ಅದು ಜಗತ್ತಿನಲ್ಲಿಯೇ ಮೊದಲನೆಯದು. ಇದು ಕನ್ನಡ ನಾಡು ಹೆಮ್ಮೆಪಡಬೇಕಾದ ಸಾಧನೆ.

ಹೈಬ್ರಿಡ್ ಬೀಜ ತಯಾರಿಸುವ ಬಗೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಸಂಜೆ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಕೈಯಿಂದ ತೆಗೆಯಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಆ ಹೂವಿಗೆ ಮುಟ್ಟಿಸಬೇಕು. ಹೂವಿಗೊಂದು ಸಲ, ದಿನಕ್ಕೆ ನೂರಾರು ಹೂವು. ಪ್ರಯೋಗಶಾಲೆಯ ಈ ವಿಜ್ಞಾನ ಹೊಲದಲ್ಲಿ ನಿಂತಿರುವುದು ಹೆಂಗಸರ, ಹುಡುಗಿಯರ ಬೆರಳುಗಳ ಮೇಲೆ. ಇನ್ನೊಂದು ಸಂಗತಿ: ಹೈಬ್ರಿಡ್ ಬೆಳೆಯ ಕಾಳನ್ನು ಬಿತ್ತಿದರೆ ಮುಂದಿನ ವರ್ಷ ಅದೇ ಇಳುವರಿ ಬರುವುದಿಲ್ಲ. ಜಯಧರ್‌ನಂಥ ತಳಿಯ ಕಾಳನ್ನು ಮನೆಯಲ್ಲಿ ಕೂಡಿಟ್ಟು ಬಿತ್ತುತ್ತಿದ್ದ ರೈತ ಈಗ ಪ್ರತಿವರ್ಷ ಬೀಜ, ಅದರೊಡನೆ ಗೊಬ್ಬರ, ಕ್ರಿಮಿನಾಶಕ, ಅದಕ್ಕಾಗಿ ಸಾಲ ತರಬೇಕಾಯಿತು.

ಮೊದಮೊದಲು ಒಳ್ಳೆಯ ಬೆಲೆ ಬಂತು. ಬಳಿಕ ಬೆಲೆ ಕುಸಿಯಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲ. ನೀರು ನಿಂತ ಕೆಲವು ಎರೆಹೊಲಗಳು ಸವಳು-ಜವಳಾದವು. ಇಷ್ಟರ ಮೇಲೆ ನೀರಿನ ಕರ ಮತ್ತು ಭೂಮಿಯ ಬೆಲೆ ಹೆಚ್ಚಿತೆಂದು ವಿಧಿಸಿದ ಅಭಿವೃದ್ಧಿ ಕರದ ಬಾಕಿ ವಸೂಲಿ ಆರಂಭವಾಯಿತು. ನೀರು ಬಾರದ ಹೊಲಕ್ಕೂ ಕರವೇ ಎಂಬುದು ರೈತರ ಪ್ರಶ್ನೆಯಾಗಿತ್ತು. ಮಲಪ್ರಭಾ ನೀರಾವರಿ ಪ್ರದೇಶ ರೈತ ಸಮನ್ವಯ ಸಮಿತಿ ಚಳವಳಿ ಆರಂಭಿಸಿತು.

1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು. ಗೋಲಿಬಾರ್ ನಡೆಯಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಎಂಬ ರೈತರು ಪ್ರಾಣ ಕಳೆದುಕೊಂಡರು. ನರಗುಂದದಲ್ಲಿ ಉದ್ರಿಕ್ತ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅವರೂ ಬಡವರ ಮನೆಯ ಮಕ್ಕಳೇ ಎಂಬುದನ್ನು ಮರೆಯಬಾರದು. ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು. ಗುಂಡೂರಾಯರ ಸರ್ಕಾರ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಜುಲೈ 21 ಇಂದಿಗೂ ರೈತ ಹುತಾತ್ಮರ ದಿನ.

ಈ ರೈತರು ಅಣೆಕಟ್ಟು ಬೇಡವೆಂದು ಹೇಳಿದವರಲ್ಲ. ವರಲಕ್ಷ್ಮಿಯನ್ನು ಉತ್ಸಾಹದಿಂದ ಬಿತ್ತಿದವರು ಅವರೇ. ಹೊಸ ತಂತ್ರದಿಂದ ಬಂದ ಲಾಭ ಎಲ್ಲರಿಗೆ, ಅಪಾಯ ಮಾತ್ರ ತಮಗೆ ಎಂಬ ಹಂಚಿಕೆಯನ್ನು ಅವರು ಒಪ್ಪಲಿಲ್ಲ, ಅಷ್ಟೇ. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತಾಗಲೂ ವಾದ ಬಹುಮಟ್ಟಿಗೆ ಇದೇ ಆಗಿತ್ತು: ಬೀಜ ಯಾರದು, ಬೆಲೆ ಕಟ್ಟುವವರು ಯಾರು, ಬೆಳೆ ಹೋದರೆ ಹೊಣೆ ಯಾರದು?

ಮಗ್ಗದ ಮುಂದೆ

ನವಲಗುಂದಕ್ಕೆ ಇನ್ನೊಂದು ಹೆಸರು ತಂದದ್ದು ಜಮಖಾನೆ. ನಿಲುವು ಮಗ್ಗದ ಮೇಲೆ ನವಿಲು, ಪಗಡೆಯ ಹಾಸುಗಳನ್ನು ಮುಸ್ಲಿಂ ಮನೆತನಗಳ ಹೆಂಗಸರು ಹತ್ತಿಯ ನೂಲಿನಿಂದ ನೇಯುತ್ತಾರೆ. ಇದಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಆದರೆ ನೇಯುವ ಕೈಗಳು ಬೆರಳೆಣಿಕೆಯಷ್ಟಾಗಿವೆ. ಯಂತ್ರದ ಹಾಸು ಅಗ್ಗವಾಗಿ ದೊರೆಯುವಾಗ ಕೊಳ್ಳುವವರು ದಿನಗಟ್ಟಲೆಯ ದುಡಿಮೆಗೆ ಬೆಲೆ ಕೊಡಲು ಹಿಂಜರಿಯುತ್ತಾರೆ. ಕಲಘಟಗಿಯ ಬಣ್ಣದ ತೊಟ್ಟಿಲಿಗೂ ಇದೇ ಪೈಪೋಟಿ. ಮೆಚ್ಚುಗೆಯ ಮಾತಿನಿಂದ ನೇಕಾರ್ತಿಯ ಒಲೆ ಉರಿಯುವುದಿಲ್ಲ. ಅವಳ ಮಗಳು ಮಗ್ಗ ಬಿಟ್ಟು ಕಾಲೇಜಿಗೆ ಹೋದರೆ ಅದನ್ನು ನಷ್ಟವೆಂದು ಹೊರಗಿನವರು ಹೇಳುವುದೂ ಸರಿಯಲ್ಲ. ಅವಳಿಗೆ ಆಯ್ಕೆ ಇರಬೇಕು. ನೇಯಲು ಬಯಸುವವಳಿಗೆ ಬದುಕುವಷ್ಟು ಕೂಲಿ ಇರಬೇಕು.

ಈಗ ಚರ್ಚಾಸ್ಪರ್ಧೆಯ ಪ್ರಶ್ನೆಗೆ ಬರೋಣ. ಗರಗಸದ ಜಿನ್ ವರವೇ, ಶಾಪವೇ? ಲಿವರ್‌ಪೂಲಿನ ವ್ಯಾಪಾರಿಗೆ ಒಂದು ಉತ್ತರ, ಧಾರವಾಡದ ಕಾರ್ಖಾನೆಯಲ್ಲಿ ಹೊಸ ಕಸುಬು ಕಲಿತ ಬಡಗಿಗೆ ಇನ್ನೊಂದು, ಸಲಾಕೆಯ ಮುಂದೆ ಕುಳಿತಿದ್ದ ಹೆಂಗಸಿಗೆ ಮತ್ತೊಂದು. ಕಾಲುವೆಯ ತಲೆಯಲ್ಲಿ ಹೊಲವಿದ್ದವನಿಗೂ ಕೊನೆಯಲ್ಲಿ ಹೊಲವಿದ್ದವನಿಗೂ ಒಂದೇ ಉತ್ತರ ಸಾಲದು. ಆದ್ದರಿಂದ ಹೊಸ ಯಂತ್ರವೊಂದು ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಇದನ್ನು ತರಲು ನಿರ್ಧರಿಸಿದವರು ಯಾರು? ಇದರಿಂದ ಯಾರ ಕೆಲಸ ಹಗುರಾಯಿತು? ಯಾರ ಕೆಲಸ ಹೋಯಿತು? ನಷ್ಟವಾದರೆ ತುಂಬಿಕೊಡುವವರು ಯಾರು?

ಇಂದು ಎರೆಹೊಲಗಳಲ್ಲಿ ಕಟಾವಿನ ಯಂತ್ರ ಓಡುತ್ತಿದೆ, ರೈತರ ಕೈಯಲ್ಲಿ ಮೊಬೈಲ್ ಇದೆ, ಪೇಟೆಯ ಧಾರಣೆ ಮನೆಯಲ್ಲಿಯೇ ತಿಳಿಯುತ್ತದೆ. ಇವೆಲ್ಲ ಒಳ್ಳೆಯ ಬೆಳವಣಿಗೆಗಳೇ. ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರ ಬಳಿ ಕುಳಿತು, ಹತ್ತಿ ಬಿಡಿಸಲು ಆಗ ಎಷ್ಟು ಕೂಲಿ ಇತ್ತು, ಜಿನ್ನಿನಲ್ಲಿ ಯಾರು ದುಡಿಯುತ್ತಿದ್ದರು, ಕಾಲುವೆ ಬಂದ ವರ್ಷ ಏನಾಯಿತು ಎಂದು ಕೇಳಿ ಬರೆದಿಡಲಿ. ಕಾಲಿನ ಸಲಾಕೆ ಉರುಳಿಸಿದವರ ಮಾತನ್ನು ಆ ಕಾಲದಲ್ಲಿ ಯಾರೂ ಕೇಳಿ ಬರೆದುಕೊಳ್ಳಲಿಲ್ಲ. ಅವರ ಮೊಮ್ಮಕ್ಕಳ ಮಾತನ್ನಾದರೂ ಬರೆದುಕೊಳ್ಳಲು ಇನ್ನೂ ಸಮಯವಿದೆ.