ಮೂತಿ ನೋಡಿ ಗುರುತಿಸಿ: ಎಚ್‌ಎಚ್-3ಇ, ಎಚ್‌ಎಚ್-3ಎಫ್

ಅಮೆರಿಕದ ಸಿಕೋರ್‌ಸ್ಕಿ ಕಂಪನಿಯ ಈ ಎರಡೂ ಜೀವರಕ್ಷಕ ಹೆಲಿಕಾಪ್ಟರ್‌ಗಳಿಗೆ ಐದು ಅಲಗಿನ ರೋಟರ್, ಹಿಂಬದಿಯಲ್ಲಿ ಇಳಿಜಾರು ಬಾಗಿಲು, ಮೂತಿಯಡಿ ಜೋಡಿ ಚಕ್ರ. ಬಾಲದಡಿ ಚಕ್ರವಿದ್ದರೆ ಅದು ಇದೇ ಕುಟುಂಬದ ಸೀ ಕಿಂಗ್ ಹೆಲಿಕಾಪ್ಟರ್.

3ಇ ಮತ್ತು 3ಎಫ್ ನಡುವಿನ ನಿಜವಾದ ವ್ಯತ್ಯಾಸ ಮೂತಿಯಲ್ಲಿದೆ. ವಿಯೆಟ್ನಾಂ ಯುದ್ಧದಲ್ಲಿ ಶತ್ರುನೆಲದಲ್ಲಿ ಬಿದ್ದ ಪೈಲಟ್‌ಗಳನ್ನು ಎತ್ತಿ ತಂದ ವಾಯುಪಡೆಯ 3ಇಗೆ, ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ಉದ್ದನೆಯ ನಳಿಕೆ ಬಲಗಡೆ ಮುಂದಕ್ಕೆ ಚಾಚಿರುತ್ತದೆ. ಈ ನಳಿಕೆಯಿಂದಾಗಿಯೇ 1967ರಲ್ಲಿ ಎರಡು 3ಇಗಳು ನ್ಯೂಯಾರ್ಕ್‌ನಿಂದ ಪ್ಯಾರಿಸ್‌ವರೆಗೆ ಎಲ್ಲೂ ಇಳಿಯದೆ ಹಾರಿದವು. ಹೆಲಿಕಾಪ್ಟರಿನ ಮಟ್ಟಿಗೆ ಅದು ಅಸಾಧಾರಣ ಸಾಧನೆ. ಕರಾವಳಿ ಕಾವಲು ಪಡೆಯ 3ಎಫ್‌ಗೆ ಆ ನಳಿಕೆಯಿಲ್ಲ. ಬದಲಿಗೆ, ಕಡಲಲ್ಲಿ ಹುಡುಕುವ ರೇಡಾರಿನ ಕವಚ ಮೂತಿಯ ಎಡಗಡೆ ಉಬ್ಬಿಕೊಂಡಿರುತ್ತದೆ.

ಮಾದರಿ ಕಟ್ಟುವವರೇ, ಮೂತಿಯ ಭಾಗಗಳನ್ನು ಅಂಟಿಸುವ ಮುನ್ನ ನೀವು ಆರಿಸಿಕೊಂಡ ಹೆಲಿಕಾಪ್ಟರಿನ ಅದೇ ಕಾಲದ ಫೋಟೊಗಳನ್ನು ಎರಡೂ ಬದಿಯಿಂದ ನೋಡಿಕೊಳ್ಳಿ.