ಪುಡಿಯಿಂದ ಹದಮಣ್ಣಿಗೆ: ಸೆರಾಮಿಕ್ ಮುದ್ರಣ ಬೆಳೆದ ಬಗೆ

ಗಣಕದಲ್ಲಿ ರೂಪಿಸಿದ ಮಾದರಿಯನ್ನು ತೆಳುವಾದ ಅಡ್ಡಸೀಳುಗಳಾಗಿ ವಿಂಗಡಿಸಿಕೊಂಡು, ಅವುಗಳನ್ನು ಒಂದರ ಮೇಲೊಂದು ಪದರವಾಗಿ ಕಟ್ಟುತ್ತ ವಸ್ತುವನ್ನು ಮೂಡಿಸುವ ವಿಧಾನವೇ ಮೂರು ಆಯಾಮದ ಮುದ್ರಣ. ಆಕಾರ ಕೊಟ್ಟ ಮೇಲೆ ಬೆಂಕಿಯಲ್ಲಿ ಸುಟ್ಟು ಗಟ್ಟಿಗೊಳಿಸುವ ಜೇಡಿಮಣ್ಣು, ಪಿಂಗಾಣಿ ಮೊದಲಾದ ಸೆರಾಮಿಕ್ ಪದಾರ್ಥಗಳಿಗೆ ಈ ವಿಧಾನ ಮೊದಲು ಒದಗಿದ್ದು ಕುಂಬಾರಿಕೆಯ ಮನೆಯಲ್ಲಲ್ಲ, ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ. ಅಮೆರಿಕದ ಎಂಐಟಿಯಲ್ಲಿ ಇಮ್ಯಾನ್ಯುಯಲ್ ಸ್ಯಾಕ್ಸ್, ಮೈಕೇಲ್ ಸಿಮಾ ಮತ್ತು ಸಂಗಡಿಗರು 1989ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಕ್ರಮದಲ್ಲಿ, ಹರಡಿದ ಪುಡಿಯ ಮೇಲೆ ಬೇಕಾದ ಕಡೆ ಮಾತ್ರ ಅಂಟುದ್ರವ ಸಿಂಪಡಿಸಿ, ಮತ್ತೆ ಪುಡಿ ಹರಡಿ, ಮತ್ತೆ ಸಿಂಪಡಿಸಲಾಗುತ್ತಿತ್ತು. ಲೋಹದ ಎರಕಕ್ಕೆ ಬೇಕಾದ ಸೆರಾಮಿಕ್ ಅಚ್ಚುಗಳನ್ನು ತಯಾರಿಸುವುದು ಅದರ ಆರಂಭದ ಬಳಕೆಗಳಲ್ಲೊಂದು. ಬ್ರಿಸ್ಟಲ್‌ನಲ್ಲಿ ಸ್ಟೀಫನ್ ಹಾಸ್ಕಿನ್ಸ್ ಮತ್ತು ಡೇವಿಡ್ ಹ್ಯೂಸನ್ ಇದೇ ಕ್ರಮವನ್ನು ಕಲೆಯ ಕಡೆಗೆ ತಿರುಗಿಸಿದರು. ಆದರೆ ಒಣಪುಡಿಯ ಕಣಗಳ ನಡುವೆ ಸಂದುಗಳು ಉಳಿಯುವುದರಿಂದ, ಸುಡುವ ಮುನ್ನ ವಸ್ತು ಮುಟ್ಟಿದರೆ ಉದುರುವಷ್ಟು ದುರ್ಬಲವಾಗಿರುತ್ತಿತ್ತು.

ಈ ಕ್ಷೇತ್ರದ ನಿಜವಾದ ತಿರುವು ಪುಡಿಯನ್ನು ಬಿಟ್ಟು ಹದಮಣ್ಣಿಗೆ ಮರಳಿದ್ದರಲ್ಲಿದೆ. ಸೆರಾಮಿಕ್ ಮುದ್ದೆಯನ್ನು ಸಣ್ಣ ಮೂತಿಯಿಂದ ಒತ್ತಿ ಎಳೆಯಾಗಿ ಹೊರಡಿಸುವ ತಂತ್ರವನ್ನು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಜೋಸೆಫ್ ಸೆಸರಾನೊ 1990ರ ದಶಕದಲ್ಲಿಯೇ ರೂಪಿಸಿದ್ದರೂ, ಅದು ಕಲಾವಿದರ ಕೈಗೆಟುಕಿರಲಿಲ್ಲ. 2005ರಲ್ಲಿ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಆರಂಭಿಸಿದ ರೆಪ್‌ರ‍್ಯಾಪ್ ಯೋಜನೆ ಮುದ್ರಕದ ವಿನ್ಯಾಸವನ್ನೇ ಎಲ್ಲರಿಗೂ ಮುಕ್ತಗೊಳಿಸಿದ ಮೇಲೆ, ಆಂಟ್‌ವರ್ಪ್‌ನ ಅನ್‌ಫೋಲ್ಡ್ ವಿನ್ಯಾಸಶಾಲೆಯ ಕ್ಲೇರ್ ವಾರ್ನಿಯರ್ ಮತ್ತು ಡ್ರೀಸ್ ವರ್‌ಬ್ರುಗನ್ ಅಂಥ ಯಂತ್ರದಲ್ಲಿ ಪ್ಲಾಸ್ಟಿಕ್ಕಿನ ಬದಲು ಮಣ್ಣನ್ನು ಹರಿಸಿದರು. ಇಂಗ್ಲೆಂಡಿನಲ್ಲಿ ನೆಲೆಸಿದ ಕುಂಬಾರ ಜೊನಾಥನ್ ಕೀಪ್ ತಾವು ಕಟ್ಟಿದ ಮಣ್ಣುಮುದ್ರಕದ ವಿನ್ಯಾಸವನ್ನು ಹಾಗೆಯೇ ಹಂಚಿದರು. ಇಟಲಿಯ ವಾಸ್ಪ್ ಸಂಸ್ಥೆಯಂತೂ ಮಣ್ಣಿನ ಉಂಡೆಗಳಿಂದ ಗೂಡು ಕಟ್ಟುವ ಕಣಜದಿಂದ ಪ್ರೇರಣೆ ಪಡೆದು ಅದರ ಹೆಸರನ್ನೇ ಇಟ್ಟುಕೊಂಡಿತು.

ತಿಗರಿಯಿಲ್ಲದ ಕಾಲದಿಂದ ಬಂದ ಸುರುಳಿ ಕುಂಬಾರಿಕೆಯಲ್ಲಿ, ಅಂದರೆ ಮಣ್ಣಿನ ಹುರಿಯನ್ನು ಸುತ್ತಿ ಸುತ್ತಿ ಗೋಡೆ ಎಬ್ಬಿಸುವ ಕ್ರಮದಲ್ಲಿ, ಕೈ ಮಾಡುತ್ತಿದ್ದುದನ್ನೇ ಇಲ್ಲಿ ಯಂತ್ರದ ಮೂತಿ ಮಾಡುತ್ತದೆ. ಆದ್ದರಿಂದ ಮಣ್ಣಿನ ಹಳೆಯ ಕಟ್ಟಳೆಗಳೂ ಇಲ್ಲಿ ಹಾಗೆಯೇ ಅನ್ವಯಿಸುತ್ತವೆ. ನೀರು ಹೆಚ್ಚಾದರೆ ಕೆಳಗಿನ ಪದರಗಳು ಮೇಲಿನ ಭಾರಕ್ಕೆ ಕುಸಿಯುತ್ತವೆ, ಕಡಿಮೆಯಾದರೆ ಎಳೆ ಹರಿಯದು; ಮಣ್ಣನ್ನು ಚೆನ್ನಾಗಿ ನಾದದೆ ಗಾಳಿಗುಳ್ಳೆ ಉಳಿದರೆ ಎಳೆ ನಡುವೆಯೇ ತುಂಡಾಗುತ್ತದೆ. ಗಣಕದಲ್ಲಿ ಸಲೀಸಾಗಿ ಬಿಡಿಸಬಹುದಾದ, ಹೊರಕ್ಕೆ ತೀರ ಬಾಗಿದ ಕಂಠವು ಹಸಿಮಣ್ಣಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಮಾದರಿ ಬರೆಯುವವರು ಮಣ್ಣಿನ ಮಿತಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಕೈಗಾರಿಕೆ ಬೇರೊಂದು ದಾರಿ ಹಿಡಿಯಿತು. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ರಾಳದಲ್ಲಿ ಅಲ್ಯುಮಿನಾದಂಥ ನುಣ್ಣನೆಯ ಪುಡಿಯನ್ನು ಬೆರೆಸಿ ಪದರ ಕಟ್ಟುವ ವಿಧಾನವನ್ನು, ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಿಂದ 2011ರಲ್ಲಿ ಹೊರಬಂದ ಲಿಥೋಜ್ ಸಂಸ್ಥೆ ಬೆಳೆಸಿತು. ಇದರಲ್ಲಿ ಅತಿಸೂಕ್ಷ್ಮ ಆಕಾರಗಳು ಸಾಧ್ಯವಾದರೂ, ರಾಳವನ್ನು ನಿಧಾನವಾಗಿ ಸುಟ್ಟು ತೆಗೆಯದಿದ್ದರೆ ವಸ್ತು ಸೀಳುವುದರಿಂದ ದಪ್ಪ ಗೋಡೆಗಳು ಕಷ್ಟ.

ಎರಡೂ ದಾರಿಗಳು ಕೊನೆಗೆ ಸೇರುವುದು ಆವಿಗೆಯಲ್ಲಿ. ಒಣಗುವಾಗಲೂ ಬೇಯುವಾಗಲೂ ವಸ್ತು ಕುಗ್ಗುತ್ತದೆ. ಎತ್ತರಕ್ಕೂ ಅಗಲಕ್ಕೂ ಕುಗ್ಗುವ ಪ್ರಮಾಣ ಒಂದೇ ಆಗಿರಬೇಕೆಂದಿಲ್ಲ. ಮಾದರಿಯನ್ನು ಅಷ್ಟರಮಟ್ಟಿಗೆ ಹಿಗ್ಗಿಸುವುದು ಗಣಕಕ್ಕೆ ಕ್ಷಣದ ಕೆಲಸವಾದರೂ, ಎಷ್ಟು ಹಿಗ್ಗಿಸಬೇಕೆಂಬ ಅಂಕಿಗಾಗಿ ಅದೇ ಮಣ್ಣಿನ ತುಂಡೊಂದನ್ನು ಸುಟ್ಟು ಅಳೆಯುವ ಪದ್ಧತಿ ಇಂದಿಗೂ ನಡೆದಿದೆ.