ಬೀಜದ ಭತ್ತವೂ ಪರಿಹಾರದ ಹಣವೂ



ಹೊನ್ನೆಮರಡಿನ ಹಿನ್ನೀರನ್ನು ನೋಡಲು ಈಗ ದೂರದೂರಿನಿಂದ ಜನ ಬರುತ್ತಾರೆ. ದೋಣಿ ನಡೆಸುತ್ತಾರೆ, ಸೂರ್ಯಾಸ್ತದ ಚಿತ್ರ ತೆಗೆಯುತ್ತಾರೆ. ಬೇಡವೆನ್ನಲಾರೆ, ನೋಟ ಸೊಗಸಾಗಿಯೇ ಇದೆ. ಆದರೆ ಆ ನೀರಿನ ಕೆಳಗೆ ಗದ್ದೆಗಳಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಸರಿದಾಗ ಆ ಗದ್ದೆಗಳ ಜೊತೆಗೆ ಒಂದು ಲೆಕ್ಕಾಚಾರದ ಪದ್ಧತಿಯೂ ಮುಳುಗಿತು. ಇಂದು ಅದರ ವಿಚಾರವಾಗಿ ನಾಲ್ಕು ಮಾತು.

ಆ ಲೆಕ್ಕವೆಲ್ಲ ಭತ್ತದ್ದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗೇಣಿಯೂ ಭತ್ತ, ಕೂಲಿಯೂ ಭತ್ತ, ಸಾಲವೂ ಭತ್ತ. ಮಳೆಗಾಲದಲ್ಲಿ ಕಣಜ ಬರಿದಾದಾಗ ಒಡೆಯರ ಮನೆಯಿಂದ ತಂದದ್ದನ್ನು ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆಯಾಗಿ ಅಳೆಯಬೇಕಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಅಳೆಯುವ ಕೊಳಗವೂ ಒಡೆಯರದೇ! ಗೇಣಿಯ ಕೊಳಗ ಎಷ್ಟು ದೊಡ್ಡದಿರಬೇಕೆಂಬ ತಕರಾರೇ 1951ರ ಏಪ್ರಿಲ್‌ನಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ನೇತೃತ್ವಕ್ಕೆ ಬಂದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಪಾಠದಲ್ಲಿ ಇದನ್ನು ಭೂಹೋರಾಟವೆಂದು ಓದಿಸುತ್ತೇವೆ. ಅದು ನಿಜವೇ. ಆದರೆ ತನ್ನ ಸಾಲದ ಲೆಕ್ಕವನ್ನು ತಾನೇ ನೋಡುತ್ತೇನೆಂದು ಬಡವನು ಮೊದಲ ಬಾರಿ ಹೇಳಿದ ಘಟನೆಯೂ ಅದೇ ಎಂದು ನನ್ನ ಎಣಿಕೆ.

ಇಂಥ ಜನರ ಕೈಗೆ, ಹದಿಮೂರು ವರ್ಷಗಳ ಬಳಿಕ, ಮುಳುಗಡೆಯ ಪರಿಹಾರ ನೋಟಿನ ರೂಪದಲ್ಲಿ ಬಂತು. ಗೇಣಿದಾರರಿಗೆ ಬಂದ ಪಾಲು ಸಣ್ಣದು. ಅದನ್ನು ಕಂಡವರ ವರ್ತನೆ ಮನೆಮನೆಗೂ ಬೇರೆ. ನಮ್ಮ ಬಳಗದಲ್ಲೇ ಒಬ್ಬರು ಬಂಗಾರ ಮಾಡಿಸಿದರು, ಒಬ್ಬರು ಮಗಳ ಮದುವೆ ಮುಗಿಸಿದರು, ಇನ್ನೊಬ್ಬರು ಸಾರಿಗೆ, ಗುಡಿಸಲಿಗೆ, ಮೊದಲ ಮಳೆಗಾಲದ ಅಕ್ಕಿಗೆಂದು ಒಂದೇ ವರ್ಷದಲ್ಲಿ ಕರಗಿಸಿದರು. ಅಜ್ಜಿಯಂತೂ ಅದನ್ನು ‘ಮುಳುಗಿದ ದುಡ್ಡು’ ಎಂದು ಕರೆದು, ಬಹಳ ದಿನ ಮುಟ್ಟಲಿಲ್ಲ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಬಸುರಿಯ ಬಯಕೆಯ ಊಟ ಬಡಿಸಿದ ಕೈಗೆ ಆ ಗದ್ದೆಯ ಕ್ರಯ ಸೇರಿದರೆ ಹೇಗಾದೀತು?

‘ದುಡ್ಡು ಇಟ್ಟುಕೊಳ್ಳಲು ಬಾರದ ಜನ’ ಎಂದು ಅವರನ್ನು ಹಗುರವಾಗಿ ಆಡಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಎಂಥ ಬರಗಾಲದಲ್ಲೂ ಬೀಜದ ಭತ್ತದ ಮುಡಿಯನ್ನು ಬಿಚ್ಚದ ಜನ ಅವರು. ಮಕ್ಕಳು ಹಸಿದು ಕೇಳಿದರೆ, “ಬೀಜ ಕುಟ್ಟಿ ಉಂಡರೆ ಬರೋ ವರ್ಷಕ್ಕೆ ಏನು ಮಾಡ್ತೀಯ ತಮಾ?” ಎಂದು ಅಜ್ಜಿ ಗೆಣಸು ಬೇಯಿಸುತ್ತಿದ್ದರು. ಉಳಿತಾಯದ ಶಿಸ್ತು ಅವರಲ್ಲಿ ಬೇಕಾದಷ್ಟಿತ್ತು. ನೋಟಿನಲ್ಲಿ ಬೀಜ ಯಾವುದು, ಕಾಳು ಯಾವುದು ಎಂಬ ಗುರುತಷ್ಟೇ ಇರಲಿಲ್ಲ.

ವಿಧಿಯ ವಿಡಂಬನೆ ನೋಡಿ. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ನಮ್ಮವರು ಉತ್ತ ಗದ್ದೆ ನೀರಿಗಿಳಿದು ಆಗಲೇ ಹತ್ತು ವರ್ಷ! ಹೊಸದಾಗಿ ಕಾಡು ಕಡಿದು ನೆಲೆಸಿದ ಜಾಗಕ್ಕೆ ಹಕ್ಕುಪತ್ರವಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲವಿಲ್ಲ. 1969ರ ಬ್ಯಾಂಕ್ ರಾಷ್ಟ್ರೀಕರಣವಾಗಲಿ, 1976ರ ಋಣಪರಿಹಾರ ಕಾಯಿದೆಯಾಗಲಿ ಈ ಗಂಟನ್ನು ಬಿಚ್ಚಲಿಲ್ಲ. ಹಳೆಯ ಸಾಲ ಮನ್ನಾ ಆದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಕೈಸಾಲದವರ ಜಗುಲಿಯೇ ಗತಿ.

ಬದಲಾವಣೆ ಬಂದದ್ದು ಸಣ್ಣ ದಾರಿಯಿಂದ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲಿ ಸಂಗ್ರಹಿಸುವ ಪಿಗ್ಮಿ ಠೇವಣಿ ಆರಂಭಿಸಿತ್ತು. (2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ‘ಪಿಗ್ಮಿ’ ಮಾತ್ರ ಕನ್ನಡದ ಪದವೇ ಆಗಿಬಿಟ್ಟಿದೆ.) ಪಿಗ್ಮಿಯವನು ಬಂದು ಒಯ್ದ ಹಣ ಕಣ್ಣಿಗೆ ಕಾಣದು, ಆದ್ದರಿಂದ ಖರ್ಚಾಗದು. ಅದೇ ಬೀಜದ ಮುಡಿ! ಅನಂತರ ಮಹಿಳೆಯರ ಸ್ವಸಹಾಯ ಸಂಘಗಳು ಬಂದವು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಬೆಳೆಸಿದ ಮಾದರಿಯನ್ನು 1992ರಲ್ಲಿ ನಬಾರ್ಡ್ ಬ್ಯಾಂಕುಗಳಿಗೆ ಜೋಡಿಸಿತು. 2000ದ ಸುಮಾರಿಗೆ ರಾಜ್ಯದ ಸ್ತ್ರೀಶಕ್ತಿ ಯೋಜನೆಯೂ ಸೇರಿತು. ಅಲ್ಲಿ ಪಹಣಿ ಕೇಳುವುದಿಲ್ಲ, ವಾರವಾರದ ಉಳಿತಾಯವನ್ನೂ ನಡತೆಯನ್ನೂ ನೋಡುತ್ತಾರೆ.

ನನ್ನ ಅತ್ತಿಗೆ ತಮ್ಮ ಸಂಘದ ಲೆಕ್ಕವನ್ನು ಹನ್ನೆರಡು ವರ್ಷ ಬರೆದರು. ಓದಿದ್ದು ನಾಲ್ಕನೆಯ ತರಗತಿ. ಪುಸ್ತಕದ ಪ್ರತಿ ಪುಟದ ಎಡಗಡೆ ಒಂದು ಗೆರೆ ಎಳೆದು, ಅದರಾಚೆಗೆ ಮುಟ್ಟಬಾರದ ಮೊತ್ತವನ್ನು ಬರೆಯುತ್ತಿದ್ದರು. ಆ ಅಂಕಣದ ತಲೆಯಲ್ಲಿ ‘ಬೀಜ’ ಎಂಬ ಎರಡೇ ಅಕ್ಷರ. ಪರಿಶೀಲನೆಗೆ ಬಂದ ಅಧಿಕಾರಿ ಹಾಗೆಂದರೇನೆಂದು ಕೇಳಿದಾಗ, ಸಭೆಯಲ್ಲಿದ್ದ ಹೆಂಗಸರೆಲ್ಲ ನಕ್ಕರಂತೆ.